ಹಾಸನದ ಹೊಲಗಳಲ್ಲಿ ಆಲೂಗಡ್ಡೆ ಕಮ್ಮಿಯಾಗಿದ್ದು ಯಾಕೆ?

ಕರ್ನಾಟಕದಲ್ಲಿ ಆಲೂಗಡ್ಡೆ ಅಂದರೆ ಹಾಸನ ಅನ್ನುವ ಕಾಲವಿತ್ತು. ಹಾಸನ, ಅರಕಲಗೂಡು, ಆಲೂರು, ಬೇಲೂರು ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ಹತ್ತಾರು ಸಾವಿರ ಹೆಕ್ಟೇರ್ ಬಿತ್ತನೆಯಾಗುತ್ತಿತ್ತು. ಈಗ ಅಂಥ ಎಷ್ಟೋ ಹೊಲಗಳಲ್ಲಿ ಮುಸುಕಿನ ಜೋಳ ನಿಂತಿದೆ, ಇಲ್ಲವೇ ಶುಂಠಿ. ಯಾರನ್ನೇ ಕೇಳಿ, ಗಿಡವನ್ನೇ ಸುಟ್ಟಂತೆ ಮಾಡುವ ಅಂಗಮಾರಿ ರೋಗದ ಹೆಸರು ಹೇಳುತ್ತಾರೆ. ಅದು ನಿಜವೇ. ಆದರೆ ರೋಗ ಬಂದ ಒಂದೇ ವರ್ಷಕ್ಕೆ ರೈತ ಸಾಲದಲ್ಲಿ ಮುಳುಗುವುದು ಯಾಕೆ? ನನ್ನ ಪ್ರಕಾರ ಅದಕ್ಕೆ ಉತ್ತರ ಬಿತ್ತನೆ ಗಡ್ಡೆಯಲ್ಲಿದೆ.

ಉತ್ತರ ಭಾರತದಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ. ನಮ್ಮಲ್ಲಿ ಅದು ಮಳೆಗಾಲದ ಬೆಳೆ. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ, ಪಕ್ಕದಲ್ಲೇ ಮಲೆನಾಡು. ಹಾಗಾಗಿ ಜೂನ್, ಜುಲೈನಲ್ಲಿ ಗಡ್ಡೆ ಕಟ್ಟುವಷ್ಟು ತಂಪು ಸಿಗುತ್ತದೆ. ಬೋರ್‌ವೆಲ್ ಇಲ್ಲದವರೂ ಮಳೆ ನಂಬಿ ಹಾಕಬಹುದು. ಮೂರು ತಿಂಗಳಿಗೆ ಕೀಳಬಹುದು, ಗೌರಿ ಹಬ್ಬದ ಆಸುಪಾಸಿಗೆ ಕೈಯಲ್ಲಿ ಕಾಸು ಆಡುತ್ತದೆ. ಸಣ್ಣ ರೈತ ಈ ಬೆಳೆಗೆ ಒಲಿದದ್ದು ಸುಮ್ನೆ ಅಲ್ಲ.

ತೊಡಕು ಇರುವುದು ಬೀಜದಲ್ಲಿ. ಆಲೂಗಡ್ಡೆಯನ್ನು ಸಾಮಾನ್ಯವಾಗಿ ಗಡ್ಡೆಯಿಂದಲೇ ಬೆಳೆಸುತ್ತಾರೆ. ಗಡ್ಡೆಯೊಳಗೆ ವೈರಸ್ ಸೇರಿಕೊಂಡರೆ ಅದು ಮುಂದಿನ ಬೆಳೆಗೂ ದಾಟುತ್ತದೆ, ವರ್ಷ ಕಳೆದಂತೆ ಇಳುವರಿ ಕುಸಿಯುತ್ತದೆ. ವೈರಸ್ ಹರಡುವುದು ಗಿಡಹೇನು. ನಮ್ಮ ಹವೆಯಲ್ಲಿ ಅದರ ಕಾಟ ತಪ್ಪಿದ್ದಲ್ಲ. ಪಂಜಾಬಿನ ಬಯಲಲ್ಲಿ ಮಾತ್ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದು ತೀರಾ ಕಡಿಮೆ. ಆ ಅವಧಿಯಲ್ಲಿ ಶುದ್ಧ ಬಿತ್ತನೆ ಗಡ್ಡೆ ಬೆಳೆಯುವ ವಿಧಾನವನ್ನು ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. 1968ರಲ್ಲಿ ಅದೇ ಸಂಸ್ಥೆಯ ಕುಫ್ರಿ ಜ್ಯೋತಿ ತಳಿ ಬಂತು, ಹಾಸನದಲ್ಲಿ ಬೇರೂರಿತು. ಅಲ್ಲಿಂದ ಇಲ್ಲಿಯವರೆಗೂ ಬೇಸಿಗೆ ಬಂದರೆ ಬಿತ್ತನೆ ಗಡ್ಡೆ ಹೊತ್ತ ಪಂಜಾಬಿನ ಜಲಂಧರ್ ಕಡೆಯ ಲಾರಿಗಳು ಹಾಸನದ ಎಪಿಎಂಸಿಗೆ ಬರಬೇಕು.

ಲಾರಿ ಬಂದ ಮೇಲಿನ ಕೆಲಸವೂ ನಾಜೂಕಿನದು. ಶೈತ್ಯಾಗಾರದಿಂದ ಬಂದ ಗಡ್ಡೆಯನ್ನು ನೇರ ಮಣ್ಣಿಗೆ ಹಾಕಿದರೆ ಕೊಳೆಯುತ್ತದೆ. ಮೂಟೆ ಬಿಚ್ಚಿ ನೆರಳಲ್ಲಿ ತೆಳ್ಳಗೆ ಹರಡಬೇಕು, ಮೊಳಕೆ ಇಣುಕುವವರೆಗೆ ಕಾಯಬೇಕು. ಮನೆಯ ಹೆಂಗಸರು ಕುಡುಗೋಲು, ಚಾಕು ಹಿಡಿದು ಕೂತು, ಒಂದೊಂದು ಹೋಳಿಗೂ ಮೊಳಕೆ ಒಡೆಯುವ ಎರಡು ಕಣ್ಣಾದರೂ ಉಳಿಯುವಂತೆ ಕೊಯ್ಯುತ್ತಾರೆ. ಕೊಳೆತದ್ದು ಸಿಕ್ಕಿದರೆ ಚಾಕುವನ್ನು ಔಷಧಿ ನೀರಲ್ಲಿ ಅದ್ದಿಯೇ ಮುಂದಿನದಕ್ಕೆ ಕೈ ಹಾಕಬೇಕು. ಕೊಯ್ದ ಹೋಳಿಗೆ ಔಷಧಿ ಉಪಚರಿಸಿ, ಆರಿಸಿ, ಆಮೇಲೆ ಸಾಲಿಗೆ ಹಾಕುವುದು. ಇಷ್ಟೊತ್ತಿಗೆ ಹದ ಮಳೆ ಹಿಂದುಮುಂದಾದರೆ ಅಷ್ಟೂ ದಂಡ.

ಎಕರೆಗೆ ಆರೇಳು ಕ್ವಿಂಟಾಲ್ ಗಡ್ಡೆ ಬೇಕು. ಮುಸುಕಿನ ಜೋಳಕ್ಕೆ ಏಳೆಂಟು ಕೆಜಿ ಬೀಜ ಸಾಕು. ಅಂದರೆ ಆಲೂಗಡ್ಡೆ ಹಾಕುವವನು ಮಳೆ ಬೀಳುವ ಮೊದಲೇ ದೊಡ್ಡ ಮೊತ್ತ ಸುರಿದಿರುತ್ತಾನೆ, ಹೆಚ್ಚಿನ ಸಲ ಸಾಲ ಮಾಡಿ.

ಇನ್ನು ಅಂಗಮಾರಿ. 1845ರಲ್ಲಿ ಐರ್ಲೆಂಡನ್ನು ಬರಗಾಲಕ್ಕೆ ದೂಡಿದ್ದು ಇದೇ ರೋಗ. ಮೋಡ ಮುಸುಕಿ, ಸೋನೆ ಹಿಡಿದು, ನಾಲ್ಕು ದಿನ ಬಿಸಿಲು ಕಾಣದಿದ್ದರೆ ಅದಕ್ಕೆ ಹಬ್ಬ. ಜುಲೈನಲ್ಲಿ ನಮ್ಮ ಕಡೆ ಇರುವುದೇ ಅಂಥ ಹವೆ, ಅಲ್ವಾ? ಎಲೆಯ ಅಂಚಲ್ಲಿ ನೀರು ತುಂಬಿದಂಥ ಮಚ್ಚೆ ಕಾಣುತ್ತದೆ, ಅಡಿಯಲ್ಲಿ ಬಿಳಿ ಬೂಷ್ಟು. ವಾರದೊಳಗೆ ಹೊಲವೆಲ್ಲ ಸುಟ್ಟಂತಾಗುತ್ತದೆ. ಬಿಡುಗಡೆಯಾದಾಗ ಕುಫ್ರಿ ಜ್ಯೋತಿಗೆ ಈ ರೋಗವನ್ನು ತಡೆಯುವ ಶಕ್ತಿ ಇತ್ತು. ಬರಬರುತ್ತಾ ಅದು ಕುಂದಿತು. ಯುರೋಪಿನಲ್ಲಿ ಹಬ್ಬಿದ್ದ, 13-ಎ2 ಎಂದು ಗುರುತಿಸುವ ರೋಗಾಣುವಿನ ಬಗೆ 2008ರ ನಂತರ ದಕ್ಷಿಣ ಭಾರತದಲ್ಲೂ ಪತ್ತೆಯಾಯಿತು. ಮೆಟಲಾಕ್ಸಿಲ್ ಎಂಬ ಔಷಧಿಗೆ ಅದು ಬಗ್ಗುವುದಿಲ್ಲ. ರೈತರು ನಂಬಿ ಹೊಡೆಯುತ್ತಿದ್ದದ್ದೇ ಮೆಟಲಾಕ್ಸಿಲ್ ಇರುವ ಔಷಧಿಗಳನ್ನು. ಜಾಸ್ತಿ ಹೊಡೆದರು, ಖರ್ಚು ಏರಿತು, ಗಿಡ ಮಾತ್ರ ಉಳಿಯಲಿಲ್ಲ.

ಆಗ ಜೋಳಕ್ಕೆ ತಿರುಗಿದವರನ್ನು ಹೇಗೆ ತಪ್ಪು ಅನ್ನುವುದು? ಜೋಳ ಕೈಕೊಟ್ಟರೆ ಅಷ್ಟು ದೊಡ್ಡ ಪೆಟ್ಟು ಬೀಳುವುದಿಲ್ಲ. ಬಂಡವಾಳ ಇದ್ದವರು ಶುಂಠಿಗೆ ಹೋದರು. ಅದಕ್ಕೂ ಕೊಳೆರೋಗದ ಕಾಟವಿದೆ, ಅದು ಬೇರೆ ಮಾತು.

ಕೆಲವು ವರ್ಷಗಳಿಂದ ಇಲ್ಲಿ ಇನ್ನೊಂದು ದಾರಿಯ ಪ್ರಯತ್ನ ನಡೆದಿದೆ. ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ತಾಯಿ ಗಿಡದ ತುದಿ ಕತ್ತರಿಸಿ, ಪಾಲಿಹೌಸ್‌ನಲ್ಲಿ ಬೇರು ಬರಿಸಿ, ಆ ಸಸಿಯನ್ನು ಹೊಲದಲ್ಲಿ ನೆಡುವುದು. ವಿಯೆಟ್ನಾಂನ ದಲಾತ್ ಬೆಟ್ಟಗಳಲ್ಲಿ ಇದು ಹಳೆಯ ಪದ್ಧತಿ. ಒಂದು ಸಸಿಯಿಂದ ಹಲವು ಗಡ್ಡೆ ಸಿಗುತ್ತವೆ, ಅವು ವೈರಸ್ ಇಲ್ಲದ ಬೀಜ. ಅಂಗಮಾರಿ ಇದರಿಂದ ಹೋಗುವುದಿಲ್ಲ. ಅದಕ್ಕೆ ಕುಫ್ರಿ ಹಿಮಾಲಿನಿಯಂಥ, ರೋಗವನ್ನು ಸ್ವಲ್ಪ ತಡೆದುಕೊಳ್ಳುವ ತಳಿ ಬೇಕು. ಆದರೆ ಬೀಜ ಊರಲ್ಲೇ ಆದರೆ ಬಿತ್ತುವ ಮೊದಲಿನ ಸಾಲದ ಹೊರೆ ಇಳಿಯುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಅದೇ. ಸಸಿಯಿಂದ ಬಂದ ಗಡ್ಡೆಯನ್ನು ಮುಂದಿನ ಮುಂಗಾರಿನವರೆಗೆ ಕೆಡದಂತೆ ಇಡಬೇಕು. ಸಣ್ಣ ರೈತನಿಗೆ ಕೈಗೆಟುಕುವ ಬಾಡಿಗೆಗೆ ಶೈತ್ಯಾಗಾರದಲ್ಲಿ ಜಾಗ ಸಿಗಬೇಕು. ಮೂರ್ನಾಲ್ಕು ಬೆಳೆಗೊಮ್ಮೆ ಹೊಸ ಸಸಿ ತಂದು ಬೀಜ ಬದಲಿಸುವಷ್ಟು ನರ್ಸರಿಗಳು ಹೋಬಳಿ ಮಟ್ಟದಲ್ಲೇ ಇರಬೇಕು.