ಒಂದೇ ಗೆರೆಯಲ್ಲಿ ಏರಿಳಿತವೂ ಹೊಳಪೂ

ಪ್ರಶ್ನೆ: ಟೈರ್ ಕಾರ್ಖಾನೆಯ ಲೇಸರ್ ಕ್ಯಾಮೆರಾ ಮೇಲ್ಮೈಯ ಏರಿಳಿತವನ್ನೂ ಹೊಳಪನ್ನೂ ಒಟ್ಟಿಗೇ ಹೇಗೆ ಅಳೆಯುತ್ತದೆ? ಬೆಳಕು ಹೋಗಿ ಬರುವ ಸಮಯವನ್ನು ಲೆಕ್ಕ ಹಾಕುತ್ತದೆಯೇ?

ಉತ್ತರ: ಸಮಯ ಅಳೆಯುವ ವಿಧಾನವೂ ಇದೆ, ಆದರೆ ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಓಡುತ್ತದೆ. 0.1 ಮಿಲಿಮೀಟರ್ ಉಬ್ಬನ್ನು ಹಾಗೆ ಹಿಡಿಯಬೇಕಾದರೆ ನ್ಯಾನೊಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕ ವ್ಯತ್ಯಾಸವನ್ನು ಗುರುತಿಸಬೇಕು. ಈ ಕ್ಯಾಮೆರಾಗಳು ನೆಚ್ಚಿಕೊಂಡಿರುವುದು ನಾವೆಲ್ಲ ಶಾಲೆಯಲ್ಲಿ ಕಲಿತ ತ್ರಿಕೋನವನ್ನು.

ಸಂಜೆ ಮೆಟ್ಟಿಲುಗಳ ಮೇಲೆ ಬಿದ್ದ ಕಂಬದ ನೆರಳನ್ನು ನೋಡಿ. ಕಂಬ ನೆಟ್ಟಗಿದ್ದರೂ ನೆರಳು ಮೆಟ್ಟಿಲು ಮೆಟ್ಟಿಲಿಗೂ ಮುರಿದಿರುತ್ತದೆ. ಕಂಬದ ಬುಡದಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಅದೇ ನೆರಳು ನೇರವಾಗಿ ಕಾಣುತ್ತದೆ. ಪಕ್ಕಕ್ಕೆ ಸರಿದಾಗಲೇ ಮುರಿತ ಗೊತ್ತಾಗುವುದು. ನೆರಳಿನ ಜಾಗದಲ್ಲಿ ತೆಳುವಾದ ಲೇಸರ್ ಗೆರೆಯನ್ನೂ ನಿಮ್ಮ ಕಣ್ಣಿನ ಜಾಗದಲ್ಲಿ ಓರೆಯಾಗಿ ಕೂರಿಸಿದ ಕ್ಯಾಮೆರಾವನ್ನೂ ಇಟ್ಟುಕೊಳ್ಳಿ. ಮೇಲ್ಮೈ ಎಲ್ಲಿ ಉಬ್ಬಿದೆಯೋ ಅಲ್ಲಿ ಗೆರೆ ಚಿತ್ರದಲ್ಲಿ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದೇ ಎತ್ತರದ ಅಳತೆ.

ಹೊಳಪು ಎಲ್ಲಿಂದ ಬಂತು? ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಚಿತ್ರದ ಒಂದು ಕಂಬಸಾಲನ್ನು ಮಾತ್ರ ತೆಗೆದುಕೊಳ್ಳೋಣ. ಅದರ 211, 212, 213ನೇ ಅಡ್ಡಸಾಲುಗಳ ಪಿಕ್ಸೆಲ್‌ಗಳಲ್ಲಿ ಬೆಳಕಿನ ಪ್ರಮಾಣ ಕ್ರಮವಾಗಿ 60, 200, 100 ಎಂದಿರಲಿ. ಬೆಳಕಿನ ಪ್ರಮಾಣವನ್ನೇ ತೂಕವಾಗಿ ಹಿಡಿದು ಈ ಮೂರು ಸಾಲುಸಂಖ್ಯೆಗಳ ಸರಾಸರಿ ತೆಗೆದರೆ ಗೆರೆಯ ನಡುಬಿಂದು 212.11ರಲ್ಲಿ ಸಿಗುತ್ತದೆ, ಅಂದರೆ ಪಿಕ್ಸೆಲ್‌ಗಿಂತಲೂ ಸೂಕ್ಷ್ಮವಾಗಿ. ಅದು ಎತ್ತರವಾಯಿತು. ಅಲ್ಲಿನ ಗರಿಷ್ಠ ಬೆಳಕು 200, ಅದು ಹೊಳಪು. ಅವೇ ಮೂರು ಅಂಕಿಗಳಿಂದ ಎರಡು ಉತ್ತರ! ಟೈರ್ ತಿರುಗುತ್ತಾ ಹೋದಂತೆ, ಅದು ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಕೊಡುವ ಪ್ರತಿ ಸಂಕೇತಕ್ಕೂ ಇಂಥ ಒಂದೊಂದು ಗೆರೆ ದಾಖಲಾಗಿ, ಗೆರೆಗಳು ಜೋಡಿಸಿಕೊಂಡು ಪೂರ್ಣ ಚಿತ್ರವಾಗುತ್ತವೆ.

ಎರಡೂ ಬೇಕೇ? ಬೇಕು. ಟೈರಿನ ಬದಿಯಲ್ಲಿ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ; 2324 ಎಂದರೆ 2024ರ 23ನೇ ವಾರ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ, ಸಾಮಾನ್ಯ ಫೋಟೊದಲ್ಲಿ ಓದುವುದು ಕಷ್ಟ. ಎತ್ತರದ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಅದೇ ಟೈರಿಗೆ ಅಂಟಿಸಿದ ಬಾರ್‌ಕೋಡ್ ಚೀಟಿಯೋ ಸಪಾಟಾಗಿರುತ್ತದೆ. ಅದನ್ನು ಓದಲು ಹೊಳಪಿನ ಚಿತ್ರವೇ ಗತಿ.

ಆದರೆ ಈ ಹೊಳಪನ್ನು ಬಣ್ಣವೆಂದು ತಿಳಿಯಬೇಡಿ. ಅದು ಲೇಸರ್‌ನ ಬಣ್ಣದಲ್ಲಿ ಮರಳಿದ ಬೆಳಕು ಮಾತ್ರ. ಕೆಂಪು ಲೇಸರ್ ಇದ್ದರೆ ಬಿಳಿ ಕಾಗದದ ಮೇಲಿನ ಕೆಂಪು ಶಾಯಿ ಬಹುಪಾಲು ಮಾಯವಾಗುತ್ತದೆ. ಇನ್ನು, ಎತ್ತರದ ಅಂಚಿನ ಹಿಂದೆ ಗೆರೆ ಮರೆಯಾದಾಗ ಎತ್ತರವೂ ಇಲ್ಲ, ಹೊಳಪೂ ಇಲ್ಲ. ಆ ತೂತನ್ನು ಅಕ್ಕಪಕ್ಕದ ಅಂಕಿಗಳಿಂದ ಮುಚ್ಚುವ ಬದಲು, ಎದುರು ಬದಿಯಿಂದ ಇನ್ನೊಂದು ಕ್ಯಾಮೆರಾ ಇಡುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ.