ಕ್ಯೂ ಉದ್ಯಾನದ ಕಾವಲುಮನೆ: ಚಿಮಣಿಯಿಂದ ಓದಲು ಆರಂಭಿಸಿ

ವಿಕ್ಟೋರಿಯಾ ಕಾಲದ ಎಸ್ಟೇಟುಗಳ ಹೆಬ್ಬಾಗಿಲಿನ ಕಾವಲುಮನೆ ಎಂದರೆ ಕಡಿದಾದ ಚಾವಣಿ, ಎತ್ತರದ ಚಿಮಣಿ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ; ಕಟ್ಟಡ ಅರ್ಥವಾಗುವುದಿಲ್ಲ. ಹಾಗಾಗಿ ಒಂದೇ ಮನೆಯನ್ನು ಹಿಡಿದು ನೋಡೋಣ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ (ನಮ್ಮ ಲಾಲ್‌ಬಾಗನ್ನು ನೋಡಿಕೊಂಡ ಸಸ್ಯತಜ್ಞ ಕ್ರುಂಬಿಗಲ್ ಮೊದಲು ದುಡಿದಿದ್ದ ಜಾಗ) ಟೆಂಪರೇಟ್ ಹೌಸ್ ಎಂಬ ಗಾಜಿನ ಮನೆಯ ಬಳಿ ಒಂದು ಪುಟ್ಟ ಕೆಂಪು ಇಟ್ಟಿಗೆಯ ಮನೆಯಿದೆ. 1866–67ರಲ್ಲಿ ಅದನ್ನು ವಿನ್ಯಾಸಗೊಳಿಸಿದವನು ವಿಲಿಯಂ ಈಡನ್ ನೆಸ್‌ಫೀಲ್ಡ್. ಅದೇ ಉದ್ಯಾನದ ನೋಟಪಥಗಳನ್ನು (ದೂರದವರೆಗೆ ನೇರವಾಗಿ ಕಣ್ಣು ಹಾಯುವ ದಾರಿಗಳನ್ನು) ರೂಪಿಸಿದವನು ಅವನ ತಂದೆ.

ಮೊದಲು ಚಿಮಣಿ ನೋಡಿ. ಮನೆಗೆ ಹೋಲಿಸಿದರೆ ಅತಿ ದೊಡ್ಡದು, ಅದೂ ಚಾವಣಿಯ ನಟ್ಟನಡುವೆ. ಸುತ್ತಲಿನ ಕೋಣೆಗಳ ಅಗ್ಗಿಷ್ಟಿಕೆಗಳು ನಡುವಿನ ಒಂದೇ ಗೋಡೆಗೆ ಬೆನ್ನು ಕೊಟ್ಟರೆ ಎಲ್ಲದರ ಹೊಗೆಗೂ ಒಂದೇ ಚಿಮಣಿ ಸಾಕು, ಬಿಸಿಯೂ ಮನೆಯೊಳಗೇ ಉಳಿಯುತ್ತದೆ. ನೋಟಕ್ಕೂ ಇದರಿಂದ ಲಾಭವಿದೆ. ಕಾವಲುಮನೆಯನ್ನು ರಸ್ತೆಯವರೂ ನೋಡುತ್ತಾರೆ, ಉದ್ಯಾನದೊಳಗಿನವರೂ ನೋಡುತ್ತಾರೆ. ಅದಕ್ಕೆ ಹಿತ್ತಿಲು ಎಂಬುದೇ ಇರುವಂತಿಲ್ಲ. ನಾಲ್ಕೂ ಕಡೆಯಿಂದ ಏರಿ ನಡುವಿನ ಚಿಮಣಿಯಲ್ಲಿ ಕೂಡುವ ಚಾವಣಿ ಎಲ್ಲ ದಿಕ್ಕಿಗೂ ಒಂದೇ ಮುಖ ತೋರಿಸುತ್ತದೆ. ಚಾವಣಿಯಿಂದ ಹೊರಚಾಚಿದ ಕಿಟಕಿಗಳನ್ನೂ ಗಮನಿಸಿ: ಹೊರಗಿನಿಂದ ಒಂದೇ ಅಂತಸ್ತಿನಂತೆ ಕಂಡರೂ ಚಾವಣಿಯೊಳಗೆ ಮತ್ತೊಂದು ವಾಸದ ನೆಲೆಯಿದೆ.

ಶೈಲಿಯ ವಿಷಯ ಇನ್ನೂ ಸ್ವಾರಸ್ಯಕರ. ಆಗ ಇಂಗ್ಲೆಂಡಿನಲ್ಲಿ ಗೋಥಿಕ್‌ನ, ಅಂದರೆ ಮಧ್ಯಯುಗದ ಚರ್ಚುಗಳ ಚೂಪು ಕಮಾನಿನ ಶೈಲಿಯ, ಅಬ್ಬರ. ನೆಸ್‌ಫೀಲ್ಡ್ ಮಾತ್ರ ಹದಿನೇಳನೆಯ ಶತಮಾನದ ಇಟ್ಟಿಗೆ ಮನೆಗಳತ್ತ ಹೊರಳಿದ. 1631ರ ಕ್ಯೂ ಅರಮನೆ ಅದೇ ಆವರಣದಲ್ಲಿ ಕೆಂಪಗೆ ನಿಂತಿರುವಾಗ ಇದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಇಟ್ಟಿಗೆಯ ಮೇಲಿನ ತೆರಿಗೆ 1850ರಲ್ಲಿ, ಕಿಟಕಿಯ ತೆರಿಗೆ 1851ರಲ್ಲಿ ರದ್ದಾಗಿದ್ದವು, ಹಾಗಾಗಿ ಎರಡನ್ನೂ ತೆರಿಗೆಯ ಹೊರೆಯಿಲ್ಲದೆ ಬಳಸಬಹುದಿತ್ತು ಎಂಬುದನ್ನು ಈ ಕಾಲದ ಯಾವ ಮನೆಯನ್ನು ಓದುವಾಗಲೂ ನೆನಪಿಟ್ಟುಕೊಳ್ಳಿ.

ಇಂಥ ಪ್ರಯೋಗಕ್ಕೆ ಕಾವಲುಮನೆಯೇ ಏಕೆ? ಖರ್ಚು ಕಡಿಮೆ, ಕಣ್ಣಿಗೆ ಬೀಳುವುದು ಹೆಚ್ಚು. ಕೆಟ್ಟರೂ ಧಣಿಯ ಬಂಗಲೆ ಕೆಡುವುದಿಲ್ಲ. ಉತ್ತರ ವೇಲ್ಸ್‌ನ ಕಿನ್ಮೆಲ್ ಪಾರ್ಕ್ ಎಸ್ಟೇಟಿನಲ್ಲಿ ನೆಸ್‌ಫೀಲ್ಡ್ 1868ರಲ್ಲಿ ಕಾವಲುಮನೆ ಕಟ್ಟಿಸಿದ. ಅಲ್ಲಿನ ಭಾರೀ ಬಂಗಲೆ ಇದೇ ಧಾಟಿಯಲ್ಲಿ ಎದ್ದದ್ದು 1870ರ ದಶಕದಲ್ಲಿ. ಮುಂದೆ ‘ಕ್ವೀನ್ ಆನ್’ ಎಂಬ ಹೆಸರಿನಲ್ಲಿ ಈ ಶೈಲಿ ಲಂಡನ್ನಿನ ಬೀದಿಗಳನ್ನೇ ಆವರಿಸಿತು. ಅದನ್ನು ಜನಪ್ರಿಯಗೊಳಿಸಿದ ರಿಚರ್ಡ್ ನಾರ್ಮನ್ ಶಾ, ಕ್ಯೂ ಕಾವಲುಮನೆ ಏಳುತ್ತಿದ್ದಾಗ ನೆಸ್‌ಫೀಲ್ಡನ ಪಾಲುದಾರನಾಗಿದ್ದ.