ಗುಂಡು ಕೂರಿಸುವ ಡೈ: ಮೂರು ಬಳೆಗಳ ಲೆಕ್ಕ

ಕುಂಬಳೆಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿರುವ ನನಗೆ ಕೋವಿಯ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಅಳತೆಯ ದಾರಿಯಿಂದ. ಅಮೆರಿಕದಲ್ಲಿ ನೆಲೆಸಿರುವ ಭಾವನವರು ಅಲ್ಲಿನ ಕಾಯಿದೆಯಂತೆ ತಮ್ಮ ರೈಫಲಿನ ತೋಟೆಗಳನ್ನು ಮನೆಯಲ್ಲಿಯೇ ತುಂಬಿಸಿಕೊಳ್ಳುತ್ತಾರೆ. ತೋಟೆಯಲ್ಲಿ ಗುಂಡನ್ನು ಒತ್ತಿ ಕೂರಿಸುವ ಉಕ್ಕಿನ ಅಚ್ಚಿಗೆ ಡೈ ಎನ್ನುತ್ತಾರೆ. ಒಂದು ರಾತ್ರಿ ವಿಡಿಯೋ ಕರೆಯಲ್ಲಿ ಐದು ತೋಟೆಗಳನ್ನು ಸಾಲಾಗಿ ನಿಲ್ಲಿಸಿ, "ಒಂದೇ ಡೈ, ಒಂದೇ ಸೆಟ್ಟಿಂಗ್, ಆದರೆ ಉದ್ದ ಐದು ಬಗೆ. ನೀನು ಲೇತಿನ ಕೆಲಸದವನಲ್ಲವಾ, ಇದು ಎಂತಕ್ಕೆ ಹೀಗೆ ಅಂತ ಹೇಳು ನೋಡುವಾ" ಎಂದು ಕೇಳಿದರು. ಥ್ರೆಡ್ ಸಡಿಲವಾಗಿರಬೇಕು ಎಂದು ನಾನು ಥಟ್ಟನೆ ಹೇಳಿದ ಉತ್ತರ ತಪ್ಪಾಗಿತ್ತು. ಸರಿಯಾದ ಉತ್ತರ ತಲೆಗೆ ಹತ್ತಲು ಮೂರು ವಾರ ಹಿಡಿಯಿತು. ಅದು ಮರೆತುಹೋಗುವ ಮೊದಲು ಬರೆದಿಟ್ಟ ಟಿಪ್ಪಣಿ ಇದು.

ಮೊದಲೇ ಹೇಳಬೇಕಾದ ಮಾತೊಂದಿದೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಆದುದರಿಂದ ಇಲ್ಲಿರುವುದನ್ನು ನಿಖರ ಅಳತೆಯ ಪಾಠವೆಂದು ಓದಬೇಕು. ನಾನು ಓದಿದ್ದೂ ಹಾಗೆಯೇ.

ಡೈ ಮಾಡುವ ಕೆಲಸ

ತೋಟೆಯಲ್ಲಿ ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು ಇರುತ್ತವೆ. ಒಮ್ಮೆ ಹಾರಿಸಿದ ಕೇಸನ್ನು ಸೈಜಿಂಗ್ ಡೈಯಲ್ಲಿ ಹಳೆಯ ಅಳತೆಗೆ ತಂದು, ಹೊಸ ಕೇಪು ಮತ್ತು ಮದ್ದು ತುಂಬಿದ ಮೇಲೆ ಕೊನೆಗೆ ಸೀಟಿಂಗ್ ಡೈ ಬರುತ್ತದೆ. ಪ್ರೆಸ್ಸಿನ ಹಿಡಿಯನ್ನು ಎಳೆದಾಗ ಶೆಲ್ ಹೋಲ್ಡರಿನಲ್ಲಿ ಕುಳಿತ ಕೇಸು ಮೇಲೇರಿ ಡೈಯೊಳಗೆ ಹೋಗುತ್ತದೆ. ಡೈಯ ಮಧ್ಯದಲ್ಲಿರುವ ಸ್ಟೆಮ್ ಎಂಬ ಕಡ್ಡಿ ಗುಂಡನ್ನು ಮೇಲಿನಿಂದ ತಡೆಯುತ್ತದೆ. ಕೇಸು ಮೇಲೇರಿದಷ್ಟೂ ಗುಂಡು ಕೇಸಿನ ಕತ್ತಿನೊಳಗೆ ಇಳಿಯುತ್ತದೆ. ಸ್ಟೆಮ್ಮನ್ನು ಎಷ್ಟು ಇಳಿಸಿಟ್ಟಿದ್ದೇವೆ ಎಂಬುದರ ಮೇಲೆ ಗುಂಡು ಎಷ್ಟು ಆಳಕ್ಕೆ ಕೂರುತ್ತದೆ ಎಂಬುದು ನಿಂತಿದೆ.

ಉದಾಹರಣೆಗೆ ಭಾವನವರ .308 ವಿಂಚೆಸ್ಟರ್ ತೋಟೆಯನ್ನೇ ತೆಗೆದುಕೊಳ್ಳೋಣ. 1952ರಲ್ಲಿ ಬಂದ ಈ ತೋಟೆಯ ಗುಂಡಿನ ವ್ಯಾಸ 0.308 ಇಂಚು, ಅಂದರೆ 7.82 ಮಿ.ಮೀ. ಕೇಸಿನ ಗರಿಷ್ಠ ಉದ್ದ 2.015 ಇಂಚು, ಗುಂಡು ಸೇರಿ ಇಡೀ ತೋಟೆಯ ಗರಿಷ್ಠ ಉದ್ದ 2.810 ಇಂಚು, ಸುಮಾರು 71.4 ಮಿ.ಮೀ. ಇದು ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿ ನಿಗದಿಪಡಿಸಿದ ಮಿತಿ. ಮ್ಯಾಗಜಿನ್ನಿನಲ್ಲಿ ತೋಟೆ ಹಿಡಿಯಬೇಕಾದರೆ ಈ ಮಿತಿಯನ್ನು ಮೀರುವಂತಿಲ್ಲ.

ನನ್ನನ್ನು ಎಡವಿಸಿದ ಜಾಗ

ಭಾವನವರು ವರ್ನಿಯರಿನಲ್ಲಿ ಬುಡದಿಂದ ತುದಿಯವರೆಗೆ ಅಳೆದ ಐದು ಅಳತೆಗಳು 2.806, 2.799, 2.803, 2.797 ಮತ್ತು 2.808 ಇಂಚು. ದೊಡ್ಡದಕ್ಕೂ ಸಣ್ಣದಕ್ಕೂ 11 ಥೌ ವ್ಯತ್ಯಾಸ. ವರ್ಕ್‌ಶಾಪಿನಲ್ಲಿ ಇಂಚಿನ ಸಾವಿರದ ಒಂದು ಭಾಗವನ್ನು ನಾವು ಥೌ ಎನ್ನುತ್ತೇವೆ. ಮುಂದೆಯೂ ಹಾಗೆಯೇ ಬರೆಯುತ್ತೇನೆ. 11 ಥೌ ತಪ್ಪಿದ ಬುಷ್ ಮಾಡಿಕೊಟ್ಟರೆ ನಮ್ಮ ಮೇಸ್ತ್ರಿಯವರು ಅದನ್ನು ನನ್ನ ಮುಂದೆಯೇ ಗುಜರಿ ಡಬ್ಬಿಗೆ ಎಸೆಯುತ್ತಾರೆ. ಆದರೆ ಭಾವನವರು ವರ್ನಿಯರಿನ ದವಡೆಗೆ ಕಂಪಾರೇಟರ್ ಎಂಬ ತೂತುಳ್ಳ ತುಂಡನ್ನು ಸಿಕ್ಕಿಸಿ ಅವೇ ಐದು ತೋಟೆಗಳನ್ನು ಮತ್ತೊಮ್ಮೆ ಅಳೆದಾಗ ವ್ಯತ್ಯಾಸ ಬರೇ 2 ಥೌಗೆ ಇಳಿಯಿತು. ತೋಟೆಗಳು ಅವೇ, ವರ್ನಿಯರ್ ಅದೇ. ಹಾಗಾದರೆ ಉಳಿದ 9 ಥೌ ಎಲ್ಲಿಗೆ ಹೋಯಿತು?

ಗುಂಡಿನ ನೇರ ಮೈ ಮುಗಿದು ತುದಿಯ ಕಡೆಗೆ ಬಾಗುತ್ತಾ ಸಪೂರವಾಗುವ ಭಾಗಕ್ಕೆ ಓಜೈವ್ ಎಂದು ಹೆಸರು. ಸ್ಟೆಮ್ಮಿನ ಕೆಳಬಾಯಿ ಬಟ್ಟಲಿನಂತೆ ಟೊಳ್ಳಾಗಿರುವುದರಿಂದ ಗುಂಡಿನ ತುದಿ ಆ ಟೊಳ್ಳಿನೊಳಗೆ ಯಾವುದಕ್ಕೂ ತಾಗದೆ ಇರುತ್ತದೆ. ಬಟ್ಟಲಿನ ಅಂಚು ಮಾತ್ರ ಓಜೈವಿನ ಸುತ್ತ ಒಂದು ವೃತ್ತದಲ್ಲಿ ಕುಳಿತು ಗುಂಡನ್ನು ಒತ್ತುತ್ತದೆ. ಎಂದರೆ ಡೈ ಕಾಯ್ದುಕೊಳ್ಳುವುದು ಒಂದೇ ಒಂದು ದೂರವನ್ನು: ಕೇಸಿನ ಬುಡದಿಂದ ಸ್ಟೆಮ್ ತಾಗುವ ಆ ವೃತ್ತದವರೆಗಿನ ದೂರ. ವೃತ್ತದಿಂದ ತುದಿಯವರೆಗೆ ಎಷ್ಟಿದೆ ಎಂಬುದು ಗುಂಡಿನ ಕಾರ್ಖಾನೆಗೆ ಬಿಟ್ಟ ವಿಷಯ. ತೆರೆದ ತುದಿಯ ಗುಂಡುಗಳಲ್ಲಿ ತಾಮ್ರದ ಹೊದಿಕೆಯನ್ನು ತುದಿಯಲ್ಲಿ ಒತ್ತಿ ಮುಚ್ಚುವುದರಿಂದ ಅಲ್ಲಿ ಅಂಚು ಸೊಟ್ಟಪಟ್ಟವಾಗಿರುವುದು ಸಾಮಾನ್ಯ. ಭಾವನವರು ಮೊದಲು ಅಳೆದದ್ದು ಆ ಸೊಟ್ಟ ಅಂಚನ್ನು. ಕಂಪಾರೇಟರಿನ ತೂತಾದರೋ ತುದಿಯನ್ನು ಬಿಟ್ಟು ಓಜೈವಿನ ಮೇಲೆಯೇ ಕೂರುತ್ತದೆ.

ಇಷ್ಟು ತಿಳಿದ ಮೇಲೂ ಕಂಪಾರೇಟರಿನ 2 ಥೌ ಯಾಕೆ ಉಳಿಯಿತೆಂಬುದು ಅರ್ಥವಾಗಲಿಲ್ಲ. ಕಾಗದದ ಮೇಲೆ ಎಷ್ಟು ಗೆರೆ ಎಳೆದರೂ ಹೊಳೆಯದ್ದು ಹೊಳೆದದ್ದು ತೋಟದಿಂದ ತಂದಿಟ್ಟ ಬಾಳೆಕುಂಡಿಗೆಯನ್ನು, ಅಂದರೆ ಬಾಳೆಹೂವಿನ ಮೊಗ್ಗನ್ನು, ನೋಡಿದಾಗ. ಬುಡದಲ್ಲಿ ದಪ್ಪ, ತುದಿಯಲ್ಲಿ ಮೊನೆಯಾದ ಅದು ಓಜೈವೇ ಹೌದು. ಅಕ್ಕನ ಬಳೆಗಳಲ್ಲಿ 2-4, 2-6, 2-8 ಅಳತೆಯ ಮೂರನ್ನು ಆರಿಸಿಕೊಂಡೆ. ಬಳೆಯಂಗಡಿಯಲ್ಲಿ 2-4 ಎಂದರೆ ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ 2.25 ಇಂಚು ಒಳವ್ಯಾಸ; 2-8 ಎಂದರೆ 2.5 ಇಂಚು. ಕುಂಡಿಗೆಯ ತುದಿಯಿಂದ ಮೊದಲು 2-8, ಆಮೇಲೆ 2-6, ಕೊನೆಗೆ 2-4 ಬಳೆಯನ್ನು ಮೆಲ್ಲಗೆ ತೊಡಿಸಿದಾಗ ಒಂದೊಂದೂ ತನ್ನ ವ್ಯಾಸಕ್ಕೆ ಸರಿಯಾದ ಜಾಗದಲ್ಲಿ ನಿಂತಿತು. ದಪ್ಪನೆಯ ಒಂದು ಕುಂಡಿಗೆಯಲ್ಲಿ ಮೇಲಿನ ಬಳೆಗೂ ಕೆಳಗಿನ ಬಳೆಗೂ ನಡುವೆ 14 ಮಿ.ಮೀ. ಬಂತು, ಸಪೂರವಾದ ಇನ್ನೊಂದರಲ್ಲಿ ಅವೇ ಎರಡು ಬಳೆಗಳ ನಡುವೆ 21 ಮಿ.ಮೀ. ಬಂತು. ಬಳೆಗಳು ಬದಲಾಗಲಿಲ್ಲ, ಕುಂಡಿಗೆಯ ಬಾಗು ಬದಲಾಗಿತ್ತು. ಅಳತೆ ಮುಗಿದ ಮೇಲೆ ಎರಡೂ ಪಲ್ಯಕ್ಕೆ ಹೋದವು.

ಈಗ ಬಳೆಗಳಿಗೆ ಹೆಸರು ಕೊಡೋಣ. ತುದಿಗೆ ಹತ್ತಿರವಿರುವ ಸಣ್ಣ ಬಳೆಯೇ ಸ್ಟೆಮ್ ತಾಗುವ ವೃತ್ತ. ನಡುವಿನದು ಕಂಪಾರೇಟರ್ ತಾಗುವ ವೃತ್ತ. ಬುಡಕ್ಕೆ ಹತ್ತಿರವಿರುವ ದೊಡ್ಡದು ನಳಿಗೆಯೊಳಗಿನ ರೈಫ್ಲಿಂಗಿನ, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ, ಏಣುಗಳು ಗುಂಡನ್ನು ಮೊದಲು ಮುಟ್ಟುವ ವೃತ್ತ; .308ರಲ್ಲಿ ಏಣಿನಿಂದ ಏಣಿಗೆ 0.300 ಇಂಚು ಇರುವುದರಿಂದ ಆ ವೃತ್ತದ ವ್ಯಾಸವೂ ಸುಮಾರು ಅಷ್ಟೇ. ಕಂಪಾರೇಟರಿನ ತೂತನ್ನು ಇದಕ್ಕೆ ಆದಷ್ಟು ಹತ್ತಿರದ ಅಳತೆಯಲ್ಲಿ ಮಾಡಿರುತ್ತಾರೆ. ಡೈ ಸಣ್ಣ ಬಳೆಯನ್ನು ಹಿಡಿದು ಒತ್ತುತ್ತದೆ, ನಾವು ನಡುವಿನ ಬಳೆಯಲ್ಲಿ ಅಳೆಯುತ್ತೇವೆ, ರೈಫಲಿಗೆ ಲೆಕ್ಕ ದೊಡ್ಡ ಬಳೆಯದ್ದು. ಎಲ್ಲ ಗುಂಡುಗಳ ಬಾಗು ಒಂದೇ ಆಗಿದ್ದರೆ ಮೂರೂ ಒಟ್ಟಿಗೆ ನಡೆಯುತ್ತವೆ. ಬಾಗಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಬಳೆಗಳ ನಡುವಿನ ದೂರ ಬದಲಾಗುತ್ತದೆ. ಭಾವನವರ 2 ಥೌ ಬಹುಮಟ್ಟಿಗೆ ಇದೇ. ಡೈಯ ತಲೆಯನ್ನು ಎಷ್ಟು ತಿರುಗಿಸಿದರೂ ಇದು ಹೋಗುವುದಿಲ್ಲ, ಗುಂಡುಗಳನ್ನೇ ಅಳೆದು ವಿಂಗಡಿಸಿದರೆ ಮಾತ್ರ ಕಡಿಮೆಯಾಗುತ್ತದೆ.

ಇನ್ನೊಂದು ಸಣ್ಣ ಕಾರಣವೂ ಸೇರುತ್ತದೆ. ಒಂದು ಕೇಸಿನ ಕತ್ತು ಬಿಗಿ, ಮತ್ತೊಂದರದ್ದು ಸಡಿಲ ಎಂದಾದರೆ ಒತ್ತಡ ಬೇರೆಬೇರೆಯಾಗಿ ಪ್ರೆಸ್ಸು ಬಾಗುವ ಪ್ರಮಾಣವೂ ಬೇರೆಯಾಗುತ್ತದೆ. ಲೇತಿನಲ್ಲಿ ಕಟ್ ಹೆಚ್ಚು ಕೊಟ್ಟಾಗ ಟೂಲ್ ಹಿಂದೆ ಸರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆರಿಸುವಾಗ

ಮೇಲಿನ ಲೆಕ್ಕ ತಿಳಿದ ಮೇಲೆ ಡೈ ಆರಿಸುವ ಕ್ರಮವೂ ನನಗೆ ತಿರುಗಿಹೋಯಿತು. ಮೊದಲು ಮೈಕ್ರೋಮೀಟರ್ ತಲೆಯುಳ್ಳ ಡೈಯೇ ಶ್ರೇಷ್ಠ ಎಂದುಕೊಂಡಿದ್ದೆ. ಅದರಲ್ಲಿ ಒಂದೊಂದು ಗೆರೆಗೆ 1 ಥೌ ಇಳಿಯುತ್ತದೆ, ನೋಡಲು ಅಂದ, ಗುಂಡಿನ ಬಗೆ ಬದಲಿಸುವವರಿಗೆ ಹಳೆಯ ಸೆಟ್ಟಿಂಗಿಗೆ ಮರಳುವುದು ಸುಲಭ. ಆದರೆ ಅದು ಅನುಕೂಲವೇ ಹೊರತು ನಿಖರತೆಯಲ್ಲ ಎಂಬುದು ಈಗಿನ ನನ್ನ ಅಭಿಪ್ರಾಯ. ಮೊದಲು ನೋಡಬೇಕಾದದ್ದು ಸ್ಟೆಮ್ಮಿನ ಬಾಯಿ, ಎರಡನೆಯದು ಕೇಸನ್ನೂ ಗುಂಡನ್ನೂ ಒಂದೇ ನೇರದಲ್ಲಿ ಹಿಡಿಯುವ ವ್ಯವಸ್ಥೆ, ಮೈಕ್ರೋಮೀಟರ್ ಮೂರನೆಯದು.

ಉದ್ದನೆಯ ಸಪೂರ ಮೂಗಿನ ಗುಂಡು ಸಾಧಾರಣ ಸ್ಟೆಮ್ಮಿನ ಟೊಳ್ಳಿನ ತಳಕ್ಕೆ ತಾಗುವುದುಂಟು. ಆಗ ಡೈ ಒತ್ತುವುದು ಓಜೈವನ್ನಲ್ಲ, ಸೊಟ್ಟ ತುದಿಯನ್ನು. ಮೊದಲು ಹೇಳಿದ 11 ಥೌ ಈಗ ನಿಜವಾಗಿಯೇ ಗುಂಡಿನ ಆಳಕ್ಕೆ ಸೇರುತ್ತದೆ. ಪರೀಕ್ಷಿಸುವ ಬಗೆಯನ್ನು ವರ್ಕ್‌ಶಾಪಿನಿಂದಲೇ ಭಾವನವರಿಗೆ ಹೇಳಿಕೊಟ್ಟೆ. ಸ್ಟೆಮ್ಮನ್ನು ಬಿಚ್ಚಿ, ಬಾಯಿಯೊಳಗೆ ತೆಳ್ಳಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣ ಸವರಿ, ಗುಂಡನ್ನು ಕೈಯಲ್ಲೇ ಒತ್ತಿ ಸ್ವಲ್ಪ ತಿರುಗಿಸಿ ತೆಗೆಯಬೇಕು. ಅವರು ಹಾಗೆ ಮಾಡಿ ಕ್ಯಾಮರಾಕ್ಕೆ ಹಿಡಿದಾಗ ಓಜೈವಿನ ಸುತ್ತ ತೆಳುವಾದ ನೀಲಿ ಉಂಗುರ ಕಂಡಿತು, ತುದಿ ಮಾತ್ರ ಚೊಕ್ಕವಾಗಿತ್ತು. ತುದಿಗೆ ನೀಲಿ ಹತ್ತಿದ್ದರೆ ಸಪೂರ ಗುಂಡಿಗೆಂದೇ ಮಾಡಿದ ಬೇರೆ ಸ್ಟೆಮ್ ಕೊಳ್ಳಬೇಕಾಗಿತ್ತು. ಉಂಗುರ ಸರಿಯಾಗಿದ್ದೂ ಗುಂಡಿನ ಮೇಲೆ ಕೊರೆದಂಥ ಗೀರು ಬೀಳುತ್ತಿದ್ದರೆ ಸ್ಟೆಮ್ಮಿನ ಅಂಚು ಹರಿತವಾಗಿದೆ ಎಂದರ್ಥ, ನಯವಾದ ಎಮರಿಯಲ್ಲಿ ಅಂಚನ್ನು ಉಜ್ಜಿ ಮೊಂಡು ಮಾಡಿದರೆ ಸಾಕು.

ನೇರದ ವಿಷಯಕ್ಕೆ ಬಂದರೆ, ಸಾಧಾರಣ ಡೈಯಲ್ಲಿ ಗುಂಡು ಸ್ಟೆಮ್ಮಿಗೆ ತಾಗುವವರೆಗೆ ಕೇಸಿನ ಬಾಯಿಯಲ್ಲಿ ಓಲಾಡುತ್ತಿರುತ್ತದೆ. ಫೋರ್‌ಸ್ಟರ್ ಮತ್ತು ರೆಡ್ಡಿಂಗ್‌ನ ಸ್ಪರ್ಧಾ ಮಟ್ಟದ ಡೈಗಳಲ್ಲಿ ಸ್ಪ್ರಿಂಗಿನ ಮೇಲೆ ಜಾರುವ ಕೊಳವೆ ಮೊದಲು ಕೇಸನ್ನು ಇಡಿಯಾಗಿ ಒಳಗೆ ತೆಗೆದುಕೊಂಡು, ಗುಂಡನ್ನೂ ನೇರಮಾಡಿದ ಮೇಲೆ ಒತ್ತುವ ಕೆಲಸ ಶುರುವಾಗುತ್ತದೆ. ವಿಲ್ಸನ್‌ನ ಕೈಡೈಯನ್ನು ಪ್ರೆಸ್ಸಿಗೆ ತಿರುಪುವುದೇ ಇಲ್ಲ. ಸಣ್ಣ ಆರ್ಬರ್ ಪ್ರೆಸ್ಸಿನಲ್ಲಿ ಮೇಲಿನಿಂದ ಒತ್ತುತ್ತಾರೆ. ಆದರೆ ಸೈಜಿಂಗ್ ಡೈಯಲ್ಲಿ ಕತ್ತನ್ನು ಒಳಗಿನಿಂದ ಅಗಲಿಸುವ ಎಕ್ಸ್‌ಪಾಂಡರ್ ಎಳೆದು ಸೊಟ್ಟ ಮಾಡಿದ ಕತ್ತನ್ನು ಯಾವ ಸೀಟಿಂಗ್ ಡೈಯೂ ನೆಟ್ಟಗೆ ಮಾಡುವುದಿಲ್ಲ, ಆದ್ದರಿಂದ ದುಬಾರಿ ಡೈ ಕೊಳ್ಳುವ ಮೊದಲು ಸೈಜ್ ಮಾಡಿದ ಖಾಲಿ ಕೇಸಿನ ಕತ್ತಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡುವುದು ಒಳ್ಳೆಯದು.

ಕೂರಿಸುವ ಕ್ರಮ, ಗಡಿಯಾರದ ಲೆಕ್ಕ

ಸಾಧಾರಣ ಸೀಟಿಂಗ್ ಡೈಯ ಒಳಗೆ ಕ್ರಿಂಪ್ ಮಾಡುವ, ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಮಡಚುವ, ಒಂದು ಅಂಚು ಇರುತ್ತದೆ. ಡೈಯನ್ನು ಅಗತ್ಯಕ್ಕಿಂತ ಹೆಚ್ಚು ಇಳಿಸಿದರೆ ಬಾಯಿ ಗುಂಡಿಗೆ ಕಚ್ಚಿ, ಮುಂದೆ ಹೋಗಲಾರದ ಕೇಸಿನ ಹೆಗಲು ಉಬ್ಬುತ್ತದೆ, ಆ ತೋಟೆ ರೈಫಲಿನ ಚೇಂಬರಿಗೆ ಹೋಗುವುದೇ ಇಲ್ಲ. ಹಾಗಾಗಬಾರದೆಂದರೆ ಕೇಪು, ಮದ್ದು ಇಲ್ಲದ ಕೇಸನ್ನು ಹೋಲ್ಡರಿನಲ್ಲಿಟ್ಟು, ಅದನ್ನು ಹೊತ್ತ ಪ್ರೆಸ್ಸಿನ ಕಂಬವಾದ ರ‍್ಯಾಮನ್ನು ಪೂರ್ತಿ ಮೇಲೇರಿಸಿ, ಸ್ಟೆಮ್ಮನ್ನು ಮೇಲಕ್ಕೆ ಬಿಟ್ಟು, ಡೈಯನ್ನು ಬಾಯಿಗೆ ತಾಗುವವರೆಗೆ ಇಳಿಸಿ, ಅಲ್ಲಿಂದ ಒಂದು ಸುತ್ತು ಹಿಂದೆ ತಿರುಗಿಸಿ ಲಾಕ್ ರಿಂಗ್ ಬಿಗಿಯಬೇಕು. ಡೈಯ ಹೊರಥ್ರೆಡ್ 7/8 ಇಂಚು, ಇಂಚಿಗೆ 14 ಎಳೆ. ಒಂದು ಸುತ್ತಿಗೆ 1/14 ಇಂಚು, ಅಂದರೆ 71 ಥೌ ಅಂತರ ಸಿಗುತ್ತದೆ.

ಇಲ್ಲಿ ನನ್ನ ಮೆಚ್ಚಿನ ಉಪಾಯ. ಡೈಯ ತಲೆಯನ್ನು ಗಡಿಯಾರವೆಂದು ಭಾವಿಸಬೇಕು. 71 ಥೌವನ್ನು 12ರಿಂದ ಭಾಗಿಸಿದರೆ ಐದು ನಿಮಿಷದಷ್ಟು ತಿರುಗಿಸುವುದಕ್ಕೆ ಸುಮಾರು 6 ಥೌ. ಸ್ಟೆಮ್ಮಿನ ಥ್ರೆಡ್ ಕಂಪನಿಯಿಂದ ಕಂಪನಿಗೆ ಬೇರೆ. ಎಳೆ ಎಣಿಸುವ ಪಿಚ್ ಗೇಜ್ ಹಿಡಿದು ನೋಡಬೇಕು. ಇಂಚಿಗೆ 28 ಎಳೆಯಿದ್ದರೆ ಒಂದು ಸುತ್ತಿಗೆ 35.7 ಥೌ, ಐದು ನಿಮಿಷಕ್ಕೆ 3 ಥೌ. ಕಂಪಾರೇಟರಿನಲ್ಲಿ ತೋಟೆ 9 ಥೌ ಉದ್ದವಿದೆ ಎಂದಾದರೆ ಕಾಲು ಗಂಟೆ ಇಳಿಸಿದರಾಯಿತು. ಮೈಕ್ರೋಮೀಟರ್ ತಲೆಗೆ ದುಡ್ಡು ಕೊಡುವ ಮೊದಲು ಸ್ಟೆಮ್ಮಿನ ತಲೆಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಇದನ್ನು ಮಾಡಿನೋಡಬಹುದು. ಒಂದೇ ಎಚ್ಚರ: ಯಾವಾಗಲೂ ಉದ್ದದ ಕಡೆಯಿಂದಲೇ ಇಳಿಯುತ್ತಾ ಬರಬೇಕು. ಆಳ ಹೆಚ್ಚಾಯಿತೆಂದು ಸ್ಟೆಮ್ಮನ್ನು ಮೇಲೆತ್ತಿದರೆ ಆಗಲೇ ಕೂತ ಗುಂಡು ಹಿಂದೆ ಬರುವುದಿಲ್ಲ, ಅದನ್ನು ಪುಲ್ಲರಿನಲ್ಲಿ ಕೀಳಬೇಕು. ಎತ್ತಿದ ಮೇಲೆ ಮತ್ತೆ ಇಳಿಸುವಾಗ ಥ್ರೆಡ್ಡಿನ ಸಡಿಲಾಟವಾದ ಬ್ಯಾಕ್‌ಲ್ಯಾಶನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ನಮ್ಮ ಕ್ರಾಸ್ ಸ್ಲೈಡಿನಲ್ಲಿ ಮಾಡುವ ಹಾಗೆಯೇ.

ಆಳವೆಂಬುದು ಕೇವಲ ಅಳತೆಯ ಚಟವಲ್ಲ. ಗುಂಡು ಏಣುಗಳಿಗೆ ತಾಗಿಕೊಂಡೇ ಕುಳಿತಿದ್ದರೆ ಹಾರುವ ಮೊದಲು ಅದಕ್ಕೆ ಓಟ ಸಿಗದೆ ಒತ್ತಡ ಏರುತ್ತದೆ. ತೀರಾ ಆಳಕ್ಕೆ ಕುಳಿತರೆ ಮದ್ದಿನ ಜಾಗ ಕಿರಿದಾಗುತ್ತದೆ. .308ಕ್ಕೆ ಸಾಮಿ ಇಟ್ಟ ಗರಿಷ್ಠ ಒತ್ತಡವೇ ಚದರ ಇಂಚಿಗೆ 62,000 ಪೌಂಡು. ಆದ್ದರಿಂದ ಉದ್ದವನ್ನಾಗಲಿ ಗುಂಡಿನ ಬಗೆಯನ್ನಾಗಲಿ ಬದಲಿಸಿದಾಗ ಅಲ್ಲಿನವರು ಪ್ರಕಟಿತ ಕೈಪಿಡಿಯ ಆರಂಭಿಕ ಪ್ರಮಾಣದಿಂದಲೇ ಮತ್ತೆ ಶುರುಮಾಡುತ್ತಾರೆ.

ಭಾವನವರು ಈಗ ಪ್ರತಿ ಬಗೆಯ ಗುಂಡಿಗೆ ಒಂದೊಂದು ಡಮ್ಮಿ ತೋಟೆಯನ್ನು ಮಾಡಿಟ್ಟಿದ್ದಾರೆ. ಅದರಲ್ಲಿ ಕೇಪೂ ಇಲ್ಲ, ಮದ್ದೂ ಇಲ್ಲ. ನಿಜವಾದ ತೋಟೆಯೊಡನೆ ಬೆರೆಯಬಾರದೆಂದು ಕೇಸಿನ ಹೊಟ್ಟೆಗೆ ಅಡ್ಡಲಾಗಿ ತೂತು ಕೊರೆದಿದ್ದಾರೆ. ಸ್ಟೆಮ್ಮನ್ನು ಮೇಲೆ ಬಿಟ್ಟು, ಡಮ್ಮಿಯನ್ನು ಪೂರ್ತಿ ಏರಿಸಿ, ಸ್ಟೆಮ್ ಅದರ ಓಜೈವಿಗೆ ತಾಗುವವರೆಗೆ ಇಳಿಸಿದರೆ ಡೈ ಸೆಟ್ ಆಯಿತು. ಕಳೆದ ವಾರ ಅದೇ ಕಂಪನಿಯ ಅದೇ ಗುಂಡಿನ ಹೊಸ ಡಬ್ಬಿ ಒಡೆದಾಗ, ಹಳೆಯ ಡಮ್ಮಿಗೆ ಸೆಟ್ ಮಾಡಿದ ಡೈಯಲ್ಲಿ ಕಂಪಾರೇಟರಿನ ಅಳತೆ 4 ಥೌ ಆಚೆ ಹೋಯಿತಂತೆ. ಈ ಸಲ ನನಗೆ ಕರೆ ಬರಲಿಲ್ಲ. ಎರಡು ಡಬ್ಬಿಗಳ ಎರಡು ಗುಂಡುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದ ಒಂದು ಫೋಟೋ ಬಂತು, ಕೆಳಗೆ "ಕುಂಡಿಗೆ ಬೇರೆ" ಎಂದು ಬರೆದಿತ್ತು.